ಹೊಸ ಬ್ಯಾಟರಿ ಕೊಳ್ಳುವ ಮುನ್ನ
(ಕೂಕಟ್‌ಪಲ್ಲಿಯಲ್ಲಿ ನಮ್ಮ ಚಾಲಕ ಬಂಧುಗಳ ಮುಂದೆ ಆಡಿದ ಮಾತುಗಳು)



ಹೋಟೆಲಿನ ಒಲೆಯನ್ನೋ ಗಿರಣಿಯ ಪಾಳಿಯನ್ನೋ ಬಿಟ್ಟು, ಸಾಲ ಮಾಡಿ ಹಳೆಯ ಕಾರು ಕೊಂಡು ಬಾಡಿಗೆಗೆ ಓಡಿಸುವವರು ನಮ್ಮಲ್ಲಿ ಹಲವರಿದ್ದೇವೆ. ಬೀದರ್, ಹುಮನಾಬಾದ್ ಕಡೆಯವರಿಗೆ ಕೂಕಟ್‌ಪಲ್ಲಿ ಪರಸ್ಥಳವೇನಲ್ಲ. 1956ರವರೆಗೆ ಎಲ್ಲವೂ ಒಂದೇ ಹೈದರಾಬಾದ್ ರಾಜ್ಯ. ಇದೇ ಮುಂಬಯಿ ಹೆದ್ದಾರಿ ಜಹೀರಾಬಾದ್ ದಾಟಿ ಹುಮನಾಬಾದಿಗೆ ಹೋಗುತ್ತದೆ. ಗಾಡಿ ಒಂದು ದಿನ ನಿಂತರೆ ಅಂದಿನ ಗಳಿಕೆ ಹೋಯಿತು, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಅದರ ಮೇಲೆ ಬೇಡದ ಸಾಮಾನನ್ನೂ ಕೊಂಡು ಹಾಕಿದರೆ ನಷ್ಟ ಇಮ್ಮಡಿ. ಆದುದರಿಂದ ರಿಪೇರಿಯ ವಿಷಯವನ್ನಲ್ಲ, ದೋಷ ಎಲ್ಲಿದೆಯೆಂದು ಕಂಡುಕೊಳ್ಳುವ ಬಗೆಯನ್ನು ಹೇಳಬಯಸುತ್ತೇವೆ.

ಬೆಳಿಗ್ಗೆ ಕೀಲಿ ತಿರುಗಿಸಿದರೆ ಗಾಡಿ ‘ಟಕ್ ಟಕ್’ ಎಂದು ಸುಮ್ಮನಾಗುತ್ತದೆ. ‘ಬ್ಯಾಟರಿ ಹೋಯಿತು’ ಎಂದು ನೆರೆದವರೆಲ್ಲ ಹೇಳುತ್ತಾರೆ. ಹೋಗಿರಲೂಬಹುದು. ಆದರೆ ಅದು ತಾನಾಗಿ ಸತ್ತಿತೋ, ಉಪವಾಸ ಬಿದ್ದು ಸತ್ತಿತೋ? ಎಂಜಿನ್ ಓಡುವಾಗ ಬ್ಯಾಟರಿಯನ್ನು ತುಂಬುವುದು ಆಲ್ಟರ್ನೇಟರ್. ಅದು ಕೆಟ್ಟಿದ್ದರೆ ಹೊಸ ಬ್ಯಾಟರಿಯೂ ಬಹಳ ಹೊತ್ತು ಬಾಳದು.

ಇದನ್ನು ತಿಳಿಯಲು ಒಂದು ಮೀಟರ್ ಸಾಕು. ಕೆಲವು ನೂರು ರೂಪಾಯಿಗೆ ದೊರೆಯುತ್ತದೆ. ನಾಲ್ವರು ಸೇರಿ ಒಂದು ಕೊಂಡರೂ ಆದೀತು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಗೆ ಹಿಡಿದು ನೋಡಿರಿ. 12.6 ವೋಲ್ಟಿನ ಆಸುಪಾಸಿದ್ದರೆ ತುಂಬಿದೆ, 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಬಂದರೆ ಬರಿದಾಗಿದೆ. ತುಂಬಿದ ಬ್ಯಾಟರಿಯೂ ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಒಂದೋ ಅದರಲ್ಲಿ ಬಲವಿಲ್ಲ, ಇಲ್ಲವೇ ಸ್ಟಾರ್ಟರ್ ಮಿತಿಮೀರಿ ಎಳೆಯುತ್ತಿದೆ. ಎಂಜಿನ್ ಓಡುತ್ತಿರುವಾಗ 13.8ರಿಂದ 14.5ರವರೆಗೆ ಇರಬೇಕು. 12 ಚಿಲ್ಲರೆಯಲ್ಲೇ ಇದ್ದು ಇಳಿಯುತ್ತ ಹೋದರೆ ಆಲ್ಟರ್ನೇಟರನ್ನೂ ಅದರ ಬೆಲ್ಟನ್ನೂ ತಂತಿಯನ್ನೂ ನೋಡತಕ್ಕದ್ದು. ಈಚಿನ ಕೆಲವು ಗಾಡಿಗಳಲ್ಲಿ ಕಂಪ್ಯೂಟರೇ ಚಾರ್ಜನ್ನು ಏರಿಳಿಸುವುದುಂಟು. ಅವುಗಳಲ್ಲಿ ಹೆಡ್‌ಲೈಟು ಹಾಕಿ, ಸ್ವಲ್ಪ ಹೊತ್ತು ಕಾದು ತೀರ್ಮಾನಿಸಬೇಕು.

ಎಲ್ಲವೂ ಸರಿಯಿದ್ದೂ ಗಾಡಿ ಏಳದೇ ಇರಬಹುದು. ಆಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಹಿಡಿದು, ಒಬ್ಬರಿಂದ ಕೀಲಿ ತಿರುಗಿಸಿರಿ. ಅರ್ಧ ವೋಲ್ಟು ತೋರಿದರೆ ಅರ್ತ್ ತಂತಿಯೇ ಕಳ್ಳ. ತುದಿಗಳಲ್ಲಿ ಬಿಳಿಯ ಬೂಷ್ಟು ಕಟ್ಟಿದ್ದರೆ, ಮೈನಸ್ ತಂತಿಯನ್ನು ಮೊದಲು ಕಳಚಿ, ಅಡುಗೆ ಸೋಡ ಕದಡಿದ ಬಿಸಿನೀರಿನಿಂದ ತೊಳೆಯಿರಿ. ಸೋಡ ಎಲ್ಲಿ ಸಿಗುತ್ತದೆಂದು ಹೋಟೆಲಿನವರಿಗೆ ಹೇಳಬೇಕಾಗಿಲ್ಲ!

ಹಳೆಯ ಅಂಬಾಸಿಡರ್ ಕಾಲದ ಒಂದು ರೂಢಿ ಇನ್ನೂ ಉಳಿದಿದೆ: ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿ ಕಳಚುವುದು, ಎಂಜಿನ್ ನಿಲ್ಲದಿದ್ದರೆ ಡೈನಮೋ ಸರಿಯೆನ್ನುವುದು. ಇಂದಿನ ಗಾಡಿಯಲ್ಲಿ ಯಾವ ಮಿಸ್ತ್ರಿಗೂ ಹೀಗೆ ಮಾಡಗೊಡಬೇಡಿರಿ. ವೋಲ್ಟೇಜು ಒಮ್ಮೆಗೇ ಜಿಗಿದು ಕಂಪ್ಯೂಟರ್ ಸುಟ್ಟೀತು. ಅದರ ಬೆಲೆಗೆ ಹಲವು ಬ್ಯಾಟರಿ ಬಂದಾವು.

ಇನ್ನೊಂದು ಮಾತು. ಮೂಸಾಪೇಟೆಯಿಂದ ಮಿಯಾಪುರದವರೆಗೆ ಮೆಟ್ರೋ ಕಂಬಗಳ ಕೆಳಗೆ ಏ.ಸಿ. ಹಾಕಿಕೊಂಡು ನಿಂತು ನಿಂತು ಸಾಗುವ ಗಾಡಿಯಲ್ಲಿ ಎಂಜಿನ್ ನಿಧಾನವಾಗಿ ತಿರುಗುತ್ತದೆ, ಆಲ್ಟರ್ನೇಟರ್ ಕಡಮೆ ಕೊಡುತ್ತದೆ. ಅಂಥ ಬ್ಯಾಟರಿ ಕೆಡದೆಯೂ ಅರೆಹೊಟ್ಟೆಯಲ್ಲಿರುತ್ತದೆ. ಅದಕ್ಕೆ ಬೇಕಾದದ್ದು ಒಂದು ರಾತ್ರಿಯ ಚಾರ್ಜು.

ಎಂಜಿನ್ ಜರ್ಕ್ ಹೊಡೆಯುವ, ಎಳೆಯದಿರುವ ದೂರಿಗೂ ಇದೇ ಕ್ರಮ. ಸಿ.ಎನ್.ಜಿ. ಗಾಡಿಯವರ ಕೈಯಲ್ಲಿ ಪುಕ್ಕಟೆಯ ಪರೀಕ್ಷೆಯೊಂದಿದೆ: ಗುಂಡಿ ಒತ್ತಿ ಪೆಟ್ರೋಲಿಗೆ ತನ್ನಿರಿ. ಪೆಟ್ರೋಲಿನಲ್ಲಿ ಸರಾಗವಾಗಿ ಓಡಿ ಗ್ಯಾಸಿನಲ್ಲಿ ಮಾತ್ರ ಜರ್ಕ್ ಬಂದರೆ ಪ್ಲಗ್ಗು, ಕಾಯಿಲುಗಳನ್ನು ಮೊದಲು ಶಂಕಿಸಬೇಕು. ಗ್ಯಾಸಿಗೆ ಕಿಡಿ ಹಚ್ಚಲು ಹೆಚ್ಚಿನ ವೋಲ್ಟೇಜು ಬೇಕಾಗುವುದರಿಂದ ಸವೆದ ಪ್ಲಗ್ಗು ಅಲ್ಲಿಯೇ ಮೊದಲು ಸೋಲುತ್ತದೆ. ಪೆಟ್ರೋಲಿನಲ್ಲಿ ಮಾತ್ರ ತೊಂದರೆಯಾದರೆ ಪಂಪು, ಇಂಜೆಕ್ಟರ್ ಕಡೆ ನೋಡಬೇಕು. ಡೀಸೆಲ್ಲಿಗೆ ಕಿಡಿಯೇ ಇಲ್ಲ. ಅದರ ಮಾತು ಬೇರೆ.

ಎಂಜಿನ್ನಿನ ಹಳದಿ ದೀಪ ಹತ್ತಿದಾಗ ಸ್ಕ್ಯಾನರ್ ಹಾಕಿ ಸಂಕೇತ ಓದುತ್ತಾರೆ. ಪಿ 0301 ಎಂದರೆ ಮೊದಲನೆಯ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲವೆಂದರ್ಥ, ಕಾಯಿಲ್ ಕೊಳ್ಳಿರಿ ಎಂದಲ್ಲ. ಒಂದೊಂದು ಸಿಲಿಂಡರಿಗೂ ಬೇರೆ ಕಾಯಿಲಿದ್ದರೆ, ಎಂಜಿನ್ ನಿಲ್ಲಿಸಿ ಮೊದಲನೆಯದನ್ನೂ ಎರಡನೆಯದನ್ನೂ ಅದಲುಬದಲು ಮಾಡಿಸಿರಿ. ಸಂಕೇತ 0302 ಆದರೆ ಕಾಯಿಲೇ ದೋಷಿ. ಅಲ್ಲಿಯೇ ಉಳಿದರೆ ಪ್ಲಗ್ಗು, ಬಳಿಕ ಇಂಜೆಕ್ಟರ್, ಕಡೆಗೆ ಕಂಪ್ರೆಶನ್. ದೀಪ ಮಿನುಗತೊಡಗಿದರೆ ಮಾತ್ರ ಗಾಡಿಯನ್ನು ದೌಡಾಯಿಸದೆ ಬದಿಗೆ ನಿಲ್ಲಿಸಿರಿ. ಉರಿಯದ ಇಂಧನ ಹೊಗೆಕೊಳವೆಯ ಕನ್ವರ್ಟರನ್ನು ಸುಟ್ಟುಬಿಡುತ್ತದೆ.

ಗ್ಯಾರೇಜಿಗೆ ಹೋಗುವಾಗ ಮೀಟರಿನ ಅಂಕಿಗಳನ್ನು ಚೀಟಿಯಲ್ಲಿ ಬರೆದು ಮಿಸ್ತ್ರಿಯ ಕೈಗೆ ಕೊಡಿರಿ. ಕೊನೆಗೆ ಬ್ಯಾಟರಿಯನ್ನೇ ಬದಲಾಯಿಸಬೇಕಾಗಿ ಬಂದರೆ ಹಳೆಯದನ್ನು ಸುಮ್ಮನೆ ಬಿಟ್ಟು ಬರಬೇಡಿರಿ. ಅದರೊಳಗಿನ ಸೀಸಕ್ಕೆ ಬೆಲೆಯಿದೆ, ಹೊಸದರ ಬಿಲ್ಲಿನಲ್ಲಿ ಅದನ್ನು ಕಳೆಯಿಸಿಕೊಳ್ಳಿರಿ.