ತೂಕ ಇಳಿಸಲು ಅಡ್ಡದಾರಿ ಬೇಡ



ಹನಿ ಹನಿ ಕೂಡಿದರೆ ಹಳ್ಳ ಅಂತ ನಾವು ಸಂಘದಾಗ ಉಳಿತಾಯ ಮಾಡ್ತೀವಿ. ಹೆಚ್ಚಾದ ಮೈತೂಕವೂ ಹಾಗೇ ಸ್ವಲ್ಪ ಸ್ವಲ್ಪ ಇಳಿಯಬೇಕು.

"ಹದಿನೈದು ದಿನದಾಗ ಹತ್ತು ಕೆ.ಜಿ." ಅಂತ ಯಾರಾದರೂ ಪುಡಿ ಡಬ್ಬಿ ತಂದರೆ ಸಾಲ ತೆಗೆದು ಕೊಳ್ಳಬೇಡ್ರಿ. ಊಟ ಬಿಟ್ಟರೆ ತೂಕ ಇಳಿಯುತ್ತದೆ ನಿಜ. ಆದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗಿ ನಿಶ್ಶಕ್ತಿ ಬರುತ್ತದೆ. ಮತ್ತೆ ಮೊದಲಿನಂತೆ ಉಂಡರೆ ತೂಕವೂ ತಿರುಗಿ ಬರುತ್ತದೆ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಅದು ಅಂದಕ್ಕಾಗಿ ಮಾಡಿಸುವಂಥದ್ದು. ಜಠರ ಚಿಕ್ಕದು ಮಾಡುವ ಶಸ್ತ್ರಚಿಕಿತ್ಸೆಯೇ ಬೇರೆ. ಅತಿ ಬೊಜ್ಜು, ಸಕ್ಕರೆ ಕಾಯಿಲೆ ಇದ್ದವರಿಗೆ ತಜ್ಞ ವೈದ್ಯರು ಪರೀಕ್ಷಿಸಿ ಹೇಳಿದರೆ ಅದರಿಂದ ಉಪಯೋಗ ಉಂಟು. ಆಮೇಲೂ ಊಟದ ನಿಯಮ, ವಿಟಮಿನ್ ಗುಳಿಗೆ, ತಪಾಸಣೆ ಜೀವನಪೂರ್ತಿ ತಪ್ಪುವುದಿಲ್ಲ.

ಹಾಗಾದರೆ ನಾವೇನು ಮಾಡಬೇಕು? 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರು ತೂಕ ಶೇ. 7ರಷ್ಟು ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡರು. ಅವರಿಗೆ ಕಾಯಿಲೆ ಬರುವುದು ಶೇ. 58 ಕಡಿಮೆಯಾಯಿತು. 70 ಕೆ.ಜಿ. ಇದ್ದವರಿಗೆ ಈ ಗುರಿ ಸುಮಾರು 5 ಕೆ.ಜಿ. ಅಷ್ಟೇ!

ಜೋಳದ ರೊಟ್ಟಿ ಬಿಡಬೇಡ್ರಿ. ಒಂದು ರೊಟ್ಟಿ ಕಡಿಮೆ ಮಾಡಿ ಮಡಕಿ ಕಾಳು, ಪುಂಡಿ ಪಲ್ಯ ಹೆಚ್ಚು ಹಾಕ್ಕೊಳ್ರಿ. ಚಹಾದ ಸಕ್ಕರೆ, ಭಜಿ, ಎಣ್ಣೆ ಇಳಿಸ್ರಿ. ವಾರದಾಗ ಐದು ದಿನ, ಅರ್ಧ ತಾಸು, ನಾಲ್ಕು ಮಂದಿ ಕೂಡಿ ಬಿರುಸಾಗಿ ನಡೀರಿ. ಗರ್ಭಿಣಿಯರು, ಬಾಣಂತಿಯರು, ಸಕ್ಕರೆ ಗುಳಿಗೆ ನುಂಗುವವರು ಮೊದಲು ಡಾಕ್ಟರರನ್ನು ಕೇಳ್ರಿ.

ತಂಗಡಗಿಯ ಸಂಘಗಳಿಂದಲೇ ಇದು ಶುರುವಾಗಲಿ. ತಿಂಗಳಿಗೊಮ್ಮೆ ಪಾಸ್‌ಬುಕ್ ಜೊತೆ ತೂಕವನ್ನೂ ನೋಡೋಣ.