ಮಾನವನ್ನು ಮರಳಿಸುವುದೂ ದಾನವೇ
(ಭಾಷಣದ ಬರಹ ರೂಪ)

 

ಯುದ್ಧದಿಂದ ಮನೆಮಠ ಕಳೆದುಕೊಂಡವರ ಸುದ್ದಿ ಬಂದಾಗ ನಾವು ಸುಮ್ಮನಿರುವುದಿಲ್ಲ. ಜುಮಾ ನಮಾಝ್‌ನ ಬಳಿಕ ಬಾಗಿಲಲ್ಲಿ ಬಟ್ಟೆ ಹಾಸುತ್ತೇವೆ, ಹಣ ಸಂಗ್ರಹಿಸುತ್ತೇವೆ, ಕಂಬಳಿ ಮತ್ತು ಧಾನ್ಯ ಕಳುಹಿಸುತ್ತೇವೆ. ಇದು ಶ್ಲಾಘನೀಯ. ಆದರೆ ನಿರಾಶ್ರಿತನು ಕಳೆದುಕೊಂಡದ್ದು ಮನೆಯನ್ನು ಮಾತ್ರವೇ? ಅವನು ತನ್ನ ಸ್ಥಾನವನ್ನು, ಗೌರವವನ್ನು, ಅನೇಕ ವೇಳೆ ಮಾತನ್ನೂ ಕಳೆದುಕೊಂಡಿರುತ್ತಾನೆ. ಅದನ್ನು ಮರಳಿಸುವವರು ಯಾರು? ಕಂಬಳಿಯನ್ನು ಸರಕಾರ ಕೊಡಬಹುದು, ಔಷಧಿಯನ್ನು ವೈದ್ಯರು ಕೊಡಬಹುದು. 'ನೀನು ಕಳಂಕಿತಳಲ್ಲ, ನೀನು ನಮ್ಮವಳು' ಎಂಬ ಮಾತನ್ನು ಮಾತ್ರ ಸಮುದಾಯವೇ ಹೇಳಬೇಕು. ಬೋಸ್ನಿಯಾದ ಅನುಭವದಿಂದ ಈ ವಿಷಯವನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

1992ರಲ್ಲಿ ಆರಂಭವಾದ ಬೋಸ್ನಿಯಾ ಯುದ್ಧವು 1995ರ ಕೊನೆಯಲ್ಲಿ ಡೇಟನ್ ಒಪ್ಪಂದದೊಂದಿಗೆ ಮುಗಿಯಿತು. ಸುಮಾರು ಒಂದು ಲಕ್ಷ ಜನರು ಕೊಲ್ಲಲ್ಪಟ್ಟರು. ನಲ್ವತ್ತಮೂರು ಲಕ್ಷದಷ್ಟು ಜನಸಂಖ್ಯೆಯ ಆ ದೇಶದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರು ಮನೆ ಬಿಟ್ಟು ಓಡಬೇಕಾಯಿತು. ಅತ್ಯಾಚಾರವನ್ನು ಆಯುಧವನ್ನಾಗಿ ಬಳಸಲಾಯಿತು. ಅದಕ್ಕೆ ಬಲಿಯಾದವರ ಸಂಖ್ಯೆಯನ್ನು 20,000ದಿಂದ 50,000ದವರೆಗೆ ಅಂದಾಜಿಸಲಾಗಿದೆ. ಅವರಲ್ಲಿ ಬಹುಪಾಲು ಮುಸ್ಲಿಮ್ ಮಹಿಳೆಯರು. ಈ ಆಯುಧದ ಗುರಿ ಮಹಿಳೆಯ ದೇಹ ಮಾತ್ರವಾಗಿರಲಿಲ್ಲ. ಸ್ವಂತ ಕುಟುಂಬವೇ ಅವಳನ್ನು ದೂರ ಮಾಡಬೇಕು, ಮನೆಗಳು ಒಡೆಯಬೇಕು, ಜನರು ಮತ್ತೆಂದೂ ಊರಿಗೆ ಮರಳಬಾರದು ಎಂಬುದೂ ಅದರ ಲೆಕ್ಕಾಚಾರವಾಗಿತ್ತು. ಅಂದರೆ ಶತ್ರುವು ಅರ್ಧ ಕೆಲಸವನ್ನು ತಾನು ಮಾಡಿ, ಉಳಿದರ್ಧವನ್ನು ನಮ್ಮ ನಾಲಿಗೆಗೆ ಬಿಟ್ಟಿದ್ದನು.

1993ರ ಎಪ್ರಿಲ್ 16ನ್ನು ನೆನಪಿಸಿಕೊಳ್ಳಿ. ಅಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಸ್ರೆಬ್ರೆನಿಕಾವನ್ನು 'ಸುರಕ್ಷಿತ ಪ್ರದೇಶ'ವೆಂದು ಘೋಷಿಸಿತು. ಅದೇ ದಿನ ಮುಂಜಾವದಲ್ಲಿ ಮಧ್ಯ ಬೋಸ್ನಿಯಾದ ಅಹ್ಮಿಚಿ ಗ್ರಾಮದಲ್ಲಿ ನೂರಕ್ಕೂ ಹೆಚ್ಚು ಮುಸ್ಲಿಮರ ಹತ್ಯೆ ನಡೆಯಿತು. ಎರಡು ವರ್ಷಗಳ ಬಳಿಕ, 1995ರ ಜುಲೈಯಲ್ಲಿ, ಆ 'ಸುರಕ್ಷಿತ' ಸ್ರೆಬ್ರೆನಿಕಾದಲ್ಲೇ ಎಂಟು ಸಾವಿರಕ್ಕೂ ಹೆಚ್ಚು ಗಂಡಸರು ಮತ್ತು ಹುಡುಗರನ್ನು ಕೊಲ್ಲಲಾಯಿತು. ಅಲ್ಲಿದ್ದ ವಿಶ್ವಸಂಸ್ಥೆಯ ಡಚ್ ಸೈನಿಕರು ಅದನ್ನು ತಡೆಯಲಿಲ್ಲ. ಜಗತ್ತಿನ ದೊಡ್ಡ ಸಭಾಂಗಣಗಳ ಭರವಸೆಯ ಬೆಲೆ ಇಷ್ಟೇ ಆಗಿತ್ತು.

ಆದರೆ ಅದೇ ಎಪ್ರಿಲ್ ತಿಂಗಳಲ್ಲಿ ಇನ್ನೊಂದು ಕೆಲಸವೂ ಆರಂಭವಾಯಿತು. ಉಕ್ಕಿನ ಕಾರ್ಖಾನೆಯ ಪಟ್ಟಣವಾದ ಝೆನಿಕಾ ನಿರಾಶ್ರಿತರಿಂದ ತುಂಬಿಹೋಗಿತ್ತು. ಅಲ್ಲಿ ಸ್ತ್ರೀರೋಗ ತಜ್ಞೆ ಮೋನಿಕಾ ಹೌಸರ್ ಅವರು ಬೋಸ್ನಿಯಾದ ವೈದ್ಯೆಯರು, ದಾದಿಯರು ಮತ್ತು ಮನಶ್ಶಾಸ್ತ್ರಜ್ಞೆಯರೊಂದಿಗೆ ಸೇರಿ 'ಮೆಡಿಕಾ ಝೆನಿಕಾ' ಎಂಬ ಕೇಂದ್ರವನ್ನು ತೆರೆದರು. ಅಲ್ಲಿ ಚಿಕಿತ್ಸೆಯಿತ್ತು, ಆಶ್ರಯವಿತ್ತು, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯಿತ್ತು, ಹೊಲಿಗೆಯಂತಹ ಕೆಲಸಗಳ ತರಬೇತಿಯಿತ್ತು. ಇದು ಧಾರ್ಮಿಕ ಸಂಸ್ಥೆಯಲ್ಲ. ಆದರೆ ವೈದ್ಯೆಯರಿಗೆ ಒಂದು ಸತ್ಯ ಬೇಗನೆ ಮನವರಿಕೆಯಾಯಿತು: ಗಾಯವನ್ನು ತಾವು ಗುಣಪಡಿಸಬಹುದು, ಆದರೆ ಮನೆಯವರೂ ಊರವರೂ ಏನೆನ್ನುವರೋ ಎಂಬ ಭಯಕ್ಕೆ ತಮ್ಮಲ್ಲಿ ಮದ್ದಿಲ್ಲ. ಅವರು ಝೆನಿಕಾದ ಇಮಾಮರ ಬಳಿಗೆ ಹೋದರು. ದೌರ್ಜನ್ಯಕ್ಕೊಳಗಾದ ಮಹಿಳೆಯರು ತಪ್ಪಿತಸ್ಥರಲ್ಲ, ಅವರನ್ನು ಸಮುದಾಯವು ಗೌರವದಿಂದ ಸ್ವೀಕರಿಸಬೇಕು ಎಂಬ ಫತ್ವಾ ಹೊರಬಂತು. ಔಷಧಿ ವೈದ್ಯರಲ್ಲಿತ್ತು, ಮಾತು ಮಿಂಬರಿನಲ್ಲಿತ್ತು. ಎರಡೂ ಕೂಡಿದಾಗಲೇ ಚಿಕಿತ್ಸೆ ಪೂರ್ಣವಾಗುವುದು.

ಸಹೋದರರೇ, ಈ ಫತ್ವಾ ಕಾಲಕ್ಕೆ ತಕ್ಕಂತೆ ತೋರಿಸಿದ ಉದಾರತೆಯಲ್ಲ. ಅದು ಮೂಲ ಬೋಧನೆಯೇ ಆಗಿದೆ. ಪ್ರವಾದಿ(ಸ)ರ ಕಾಲದಲ್ಲಿ ನಮಾಝ್‌ಗೆಂದು ಹೊರಟ ಮಹಿಳೆಯೊಬ್ಬರ ಮೇಲೆ ದಾರಿಯಲ್ಲಿ ಬಲಾತ್ಕಾರ ನಡೆದ ಘಟನೆಯನ್ನು ಅಬೂದಾವೂದ್ ಮತ್ತು ತಿರ್ಮಿದಿ ಉಲ್ಲೇಖಿಸಿದ್ದಾರೆ. ಪ್ರವಾದಿ(ಸ)ರು ಆಕೆಗೆ ಯಾವ ಶಿಕ್ಷೆಯನ್ನೂ ವಿಧಿಸಲಿಲ್ಲ, ಆಕೆಯನ್ನು ನಿಂದಿಸಲೂ ಇಲ್ಲ. ಇನ್ನು ಸೂರಃ ಅನ್ನೂರ್ ನೋಡಿರಿ. ಶೀಲವಂತೆಯ ಮೇಲೆ ಆರೋಪ ಹೊರಿಸಿ ನಾಲ್ಕು ಮಂದಿ ಸಾಕ್ಷಿಗಳನ್ನು ತರಲಾಗದವನಿಗೆ ಎಂಬತ್ತು ಛಡಿಯೇಟುಗಳು. ಮುಂದೆ ಅವನ ಸಾಕ್ಷ್ಯಕ್ಕೆ ಬೆಲೆಯಿಲ್ಲ. ಅಂದರೆ ಧರ್ಮವು ಕಳಂಕವನ್ನು ಹೊರಿಸಿದ್ದು ಸಂತ್ರಸ್ತೆಯ ಮೇಲಲ್ಲ, ಗುಸುಗುಸು ಮಾತಾಡುವ ನಾಲಿಗೆಯ ಮೇಲೆ. ನಮ್ಮ ಸಂಪ್ರದಾಯವು ಇದನ್ನು ತಲೆಕೆಳಗು ಮಾಡಿದ್ದರೆ ಹೊಣೆ ಸಂಪ್ರದಾಯದ್ದು, ಧರ್ಮದ್ದಲ್ಲ.

ಎರಡನೆಯದಾಗಿ, ಕೊಡುವ ರೀತಿ. ದಾನ ಪಡೆದವನನ್ನು ನೋಯಿಸಿದರೆ ಆ ದಾನವೇ ವ್ಯರ್ಥವೆಂದು ಸೂರಃ ಅಲ್‌ಬಕರ ಎಚ್ಚರಿಸುತ್ತದೆ. ಸರಾಯೆವೊ ನಗರವು 1992ರ ಎಪ್ರಿಲ್‌ನಿಂದ 1996ರ ಫೆಬ್ರವರಿಯವರೆಗೆ ಮುತ್ತಿಗೆಯಲ್ಲಿತ್ತು. ಅಲ್ಲಿ 1913ರಲ್ಲಿ ಸ್ಥಾಪನೆಯಾಗಿ, ಎರಡನೇ ಮಹಾಯುದ್ಧದ ಬಳಿಕ ಕಮ್ಯುನಿಸ್ಟ್ ಆಡಳಿತದಲ್ಲಿ ಮುಚ್ಚಲ್ಪಟ್ಟು, 1991ರಲ್ಲಿ ಮರುಜೀವ ಪಡೆದ 'ಮರ್ಹಮೆತ್' ಎಂಬ ಮುಸ್ಲಿಮ್ ಸೇವಾ ಸಂಸ್ಥೆಯು ಹಸಿದವರಿಗೆ ಅನ್ನವಿಕ್ಕಿತು. ಯಹೂದಿಯರ 'ಲಾ ಬೆನೆವೊಲೆನ್ಸಿಯಾ' ಸಂಸ್ಥೆಯು ಉಚಿತ ಅಡುಗೆ ಮನೆಯನ್ನೂ ಔಷಧಾಲಯವನ್ನೂ ನಡೆಸಿತು. ಮುಸ್ಲಿಮ್, ಸರ್ಬ್, ಕ್ರೋಟ್ ಎಂಬ ಭೇದವಿಲ್ಲದೆ ಎಲ್ಲರೂ ಅಲ್ಲಿಗೆ ಹೋದರು, ಎಲ್ಲರೂ ಅಲ್ಲಿ ದುಡಿದರು. ಆ ಯಹೂದಿಯರ ಪೂರ್ವಜರು 1492ರಲ್ಲಿ ಸ್ಪೇನ್‌ನಿಂದ ಹೊರದಬ್ಬಲ್ಪಟ್ಟು ಉಸ್ಮಾನಿಯಾ ಆಡಳಿತದಲ್ಲಿ ಆಶ್ರಯ ಪಡೆದವರು. ಅಂದು ಆಶ್ರಯ ಪಡೆದವರ ಸಂತತಿ ಇಂದು ಆಶ್ರಯ ಕೊಟ್ಟ ನಗರಕ್ಕೆ ಉಣಿಸಿತು. ಹಸಿದವನ ಹೆಸರು ಕೇಳದಿರುವುದೇ ಅವನಿಗೆ ಸಲ್ಲಿಸುವ ಮೊದಲ ಗೌರವ.

ಮೂರನೆಯದಾಗಿ, ನಿರಾಶ್ರಿತನನ್ನು ಸದಾ ಕೈಚಾಚುವವನನ್ನಾಗಿ ಉಳಿಸಬಾರದು. ಹಿಜ್‌ರಾದ ಬಳಿಕ ಮದೀನಾದಲ್ಲಿ ಪ್ರವಾದಿ(ಸ)ರು ಮುಹಾಜಿರ್ ಮತ್ತು ಅನ್ಸಾರ್‌ಗಳನ್ನು ಜೋಡಿ ಜೋಡಿಯಾಗಿ ಸಹೋದರರನ್ನಾಗಿ ಮಾಡಿದರು. ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನು ನೀಡಲು ಮುಂದಾದರು. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗಾಗಿ ಪ್ರಾರ್ಥಿಸಿ, ಮಾರುಕಟ್ಟೆಯ ದಾರಿ ತೋರಿಸಿರಿ ಎಂದರಷ್ಟೆ. ಝೆನಿಕಾದಲ್ಲಿ ನೀಡಿದ ತರಬೇತಿಯು ಅದೇ ಮಾರುಕಟ್ಟೆಯ ದಾರಿ. ತುಝ್ಲಾದ 'ಸ್ನಾಗಾ ಝೆನೆ' ಎಂಬ ಸಂಸ್ಥೆಯು ಸ್ರೆಬ್ರೆನಿಕಾ ಕಡೆಗೆ ಮರಳಿದ ಮಹಿಳೆಯರೊಂದಿಗೆ ಔಷಧೀಯ ಗಿಡಗಳನ್ನು ಬೆಳೆಸುವ ಕೆಲಸ ಮಾಡಿದೆ. ಮಣ್ಣಿನಲ್ಲಿ ದುಡಿಯುವ ಕೈ ನಿಧಾನವಾಗಿ ಮನಸ್ಸನ್ನೂ ಎಬ್ಬಿಸುತ್ತದೆ. ಜೊತೆಗೆ ನಾಲ್ಕು ಕಾಸೂ ಬರುತ್ತದೆ.

ನಾಲ್ಕನೆಯದಾಗಿ, ದುಃಖಕ್ಕೆ ಜಾಗ ಕೊಡಬೇಕು. ನಮ್ಮಲ್ಲಿ ಕೆಲವರು ಅಳುವವರಿಗೆ 'ಸಬರ್ ಮಾಡು' ಎಂದು ಹೇಳಿ ಎದ್ದುಬಿಡುತ್ತಾರೆ. ನಿದ್ದೆ ಬಾರದವನನ್ನು, ಶಬ್ದಕ್ಕೆ ಬೆಚ್ಚಿ ಬೀಳುವವನನ್ನು ಕಂಡು ಈಮಾನ್ ದುರ್ಬಲವೆನ್ನುತ್ತಾರೆ. ಪ್ರವಾದಿ ಯಅ್‌ಕೂಬ್(ಅ)ರಿಗಿಂತ ಹೆಚ್ಚಿನ ಈಮಾನ್ ಇವರಿಗಿದೆಯೇ? ಕಣ್ಮರೆಯಾದ ಮಗನಿಗಾಗಿ ಅತ್ತು ಅತ್ತು ಅವರ ಕಣ್ಣುಗಳೇ ಬೆಳ್ಳಗಾದುವೆಂದು ಸೂರಃ ಯೂಸುಫ್ ತಿಳಿಸುತ್ತದೆ. ಸ್ರೆಬ್ರೆನಿಕಾದ ತಾಯಂದಿರ ದುಃಖವೂ ಅಂತಹುದೇ. ವರ್ಷಗಟ್ಟಲೆ ಅವರಿಗೆ ಮಗನೂ ಸಿಗಲಿಲ್ಲ, ಮಯ್ಯಿತ್ತೂ ಸಿಗಲಿಲ್ಲ. ಬೋಸ್ನಿಯಾದ ಮಹಿಳೆಯರು ಮೃತರಿಗಾಗಿ ಮನೆಗಳಲ್ಲಿ ಸೇರಿ 'ತೆವ್ಹಿದ್' ಎಂಬ ಪ್ರಾರ್ಥನೆ ನಡೆಸುತ್ತಾರೆ. ಅದಕ್ಕೆ 'ಬುಲಾ' ಎಂದು ಕರೆಯಲ್ಪಡುವ ಧಾರ್ಮಿಕ ಶಿಕ್ಷಣ ಪಡೆದ ಮಹಿಳೆ ನೇತೃತ್ವ ವಹಿಸುತ್ತಾಳೆ. ಕೂಡಿ ಅಳಲು, ಕೂಡಿ ದುಆ ಮಾಡಲು ಅದೊಂದು ಜಾಗ. ತುಝ್ಲಾದಲ್ಲಿ ಸ್ರೆಬ್ರೆನಿಕಾದ ಮಹಿಳೆಯರು ಕಾಣೆಯಾದವರ ಹೆಸರು ಬರೆದ ದಿಂಬಿನ ಚೀಲಗಳನ್ನು ಹಿಡಿದು ಪ್ರತಿ ತಿಂಗಳ 11ರಂದು ಮೌನವಾಗಿ ಬೀದಿಗಿಳಿದರು. 2003ರ ಮಾರ್ಚ್ 31ರಂದು ಪೊತೊಚಾರಿಯಲ್ಲಿ ಮೊದಲ 600 ಮಂದಿಯ ದಫನ ನಡೆಯಿತು. ಡಿಎನ್‌ಎ ಪರೀಕ್ಷೆಯಿಂದ ಗುರುತಿಸಲ್ಪಟ್ಟ ಅವಶೇಷಗಳನ್ನು ಪ್ರತಿ ವರ್ಷ ಜುಲೈ 11ರಂದು ಜನಾಝಾ ನಮಾಝ್‌ನೊಂದಿಗೆ ಅಲ್ಲಿ ದಫನ ಮಾಡುತ್ತಾ ಬರಲಾಗಿದೆ. ಈಗ ಅಲ್ಲಿ 6,700ಕ್ಕೂ ಹೆಚ್ಚು ಗೋರಿಗಳಿವೆ. ವಿಜ್ಞಾನವು ಹೆಸರನ್ನು ಮರಳಿಸಿತು, ಜಮಾಅತ್ ವಿದಾಯವನ್ನು ಮರಳಿಸಿತು.

ಆದರೆ ಬೋಸ್ನಿಯಾವನ್ನು ಹೊಗಳಿ ಮುಗಿಸಿದರೆ ಸತ್ಯಕ್ಕೆ ಅನ್ಯಾಯವಾದೀತು. ಒಂದು ಫತ್ವಾದಿಂದ ಊರಿನ ನಾಲಿಗೆ ಬದಲಾಗಲಿಲ್ಲ. ಅನೇಕ ಮಹಿಳೆಯರು ಗಂಡನಿಗೂ ಹೇಳದೆ ದಶಕಗಳ ಕಾಲ ಮೌನವಾಗಿದ್ದರು. ಹೇಗ್‌ನ ಯುದ್ಧಾಪರಾಧ ನ್ಯಾಯಾಲಯವು 2001ರಲ್ಲಿ ಫೋಚಾ ಪ್ರಕರಣದಲ್ಲಿ ಅತ್ಯಾಚಾರ ಮತ್ತು ಗುಲಾಮಗಿರಿಯನ್ನು ಮಾನವೀಯತೆಯ ವಿರುದ್ಧದ ಅಪರಾಧವೆಂದು ತೀರ್ಪಿತ್ತಿತು. ಆದರೆ ಬೋಸ್ನಿಯಾದ ಒಂದು ಭಾಗವಾದ ಫೆಡರೇಶನ್‌ನಲ್ಲಿ ಈ ಮಹಿಳೆಯರನ್ನು ಯುದ್ಧ ಸಂತ್ರಸ್ತರೆಂದು ಕಾನೂನು ಗುರುತಿಸಿದ್ದು 2006ರಲ್ಲಿ. ಅದಕ್ಕಾಗಿ ಮೆಡಿಕಾ ಸೇರಿದಂತೆ ಮಹಿಳಾ ಸಂಸ್ಥೆಗಳು ಸಹಿ ಸಂಗ್ರಹದ ಚಳವಳಿ ನಡೆಸಬೇಕಾಯಿತು. ಆ ದೌರ್ಜನ್ಯದಿಂದ ಹುಟ್ಟಿದ ಮಕ್ಕಳು ಬೆಳೆದು ದೊಡ್ಡವರಾಗಿ, 2015ರಲ್ಲಿ ಸರಾಯೆವೊದಲ್ಲಿ ತಾವೇ ಸಂಘ ಕಟ್ಟಿಕೊಂಡರು. ಅದಕ್ಕೆ ಅವರು 'ಯುದ್ಧದ ಮರೆತುಹೋದ ಮಕ್ಕಳು' ಎಂದು ಹೆಸರಿಟ್ಟರು. ಆ ಹೆಸರನ್ನು ಕೇಳಿದಾಗ ಸಮುದಾಯವು ತಲೆತಗ್ಗಿಸಬೇಕಾಗುತ್ತದೆ. ಪಾಪಿ ತಂದೆಯ ಹೊರೆಯನ್ನು ಮಗುವಿನ ತಲೆಗೆ ಹೊರಿಸುವ ಅಧಿಕಾರ ನಮಗೆ ಯಾರು ಕೊಟ್ಟರು? ಒಬ್ಬರ ಭಾರವನ್ನು ಇನ್ನೊಬ್ಬರು ಹೊರುವುದಿಲ್ಲ ಎಂಬುದು ಕುರ್‌ಆನಿನ ಸ್ಪಷ್ಟ ನಿಲುವಲ್ಲವೇ?

ಆದುದರಿಂದ ಮಾತು ಒಮ್ಮೆ ಹೇಳಿದರೆ ಸಾಲದು. ಅದನ್ನು ಖುತ್ಬಾದಲ್ಲಿ ಹೇಳಬೇಕು, ಮದುವೆಯ ಮಾತುಕತೆಯಲ್ಲಿ ಹೇಳಬೇಕು, ಅಡುಗೆ ಮನೆಯಲ್ಲಿ ತಾಯಂದಿರು ಮಕ್ಕಳಿಗೆ ಹೇಳಬೇಕು. ನೊಂದವರು ಬಂದಾಗ ಮಸೀದಿಯ ಕಮಿಟಿಯು ಮೊದಲು ದಾಖಲೆ ಕೇಳಬಾರದು, ಕಥೆಯನ್ನು ಕೆದಕಬಾರದು, ಕೊಡುವ ಕೈಯ ಫೋಟೊ ತೆಗೆಯಬಾರದು. ಮಹಿಳೆಯರ ಮಾತನ್ನು ಕೇಳಲು ಮಹಿಳೆಯರೇ ಇರಬೇಕು. ಕೇಳಿದ್ದು ಅಲ್ಲಿಯೇ ಉಳಿಯಬೇಕು. ಮನಸ್ಸಿನ ರೋಗಕ್ಕೆ ವೈದ್ಯರಲ್ಲಿಗೆ ಹೋಗುವುದು ತವಕ್ಕುಲ್‌ಗೆ ವಿರುದ್ಧವಲ್ಲವೆಂದು ಇಮಾಮರು ತಿಳಿಸಬೇಕು. ಝಕಾತ್‌ನ ಎಂಟು ಹಕ್ಕುದಾರರಲ್ಲಿ ಬಡವರೂ ಸಾಲದಲ್ಲಿ ಸಿಲುಕಿದವರೂ ದಾರಿಹೋಕರೂ ಇದ್ದಾರೆ. ಮನೆ ಕಳೆದುಕೊಂಡವನು ಅನೇಕ ವೇಳೆ ಈ ಮೂರೂ ಆಗಿರುತ್ತಾನೆ. ಅವನು ಪಡೆಯುವುದು ಭಿಕ್ಷೆಯಲ್ಲ, ಹಕ್ಕು.

ನಾವು ಕಳುಹಿಸುವ ಕಂಬಳಿ ಒಂದೆರಡು ಚಳಿಗಾಲದಲ್ಲಿ ಹರಿದುಹೋಗುತ್ತದೆ. ನೊಂದವಳನ್ನು ನಮ್ಮವಳೆಂದು ಸ್ವೀಕರಿಸಿದ ಮಾತು ಅವಳ ಮಕ್ಕಳ ಕಾಲದವರೆಗೂ ಉಳಿಯುತ್ತದೆ. ಕೊಡುವಾಗ ಮಾನ ಉಳಿಸುವ ಕೈಯನ್ನೂ, ನೋಯಿಸದ ನಾಲಿಗೆಯನ್ನೂ ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.