ಅರವತ್ತರ ಲೆಕ್ಕ

ಗಡಿಯಾರದಲ್ಲಿ ಎಷ್ಟು ನಿಮಿಷವಾಯಿತೆಂದು ನೋಡುವಾಗ ನಾವು ಎಣಿಸುವುದು ಮೆಸೊಪೊಟೇಮಿಯದ ಲೆಕ್ಕ. ಸುಮಾರು 4,000 ವರ್ಷಗಳ ಹಿಂದೆ ಅಲ್ಲಿನ ಲಿಪಿಕಾರರು ಹಸಿಮಣ್ಣಿನ ಹಲಗೆಗಳ ಮೇಲೆ ಅರವತ್ತರ ಗುಂಪುಗಳಲ್ಲಿ ಲೆಕ್ಕ ಬರೆಯುತ್ತಿದ್ದರು. ಎಂಥ ಉದಾರ ಸಂಖ್ಯೆ ಅದು! ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ, ಐವರಿಗೆ, ಆರು ಮಂದಿಗೆ ಹಂಚಿದರೂ ಶೇಷ ಉಳಿಯದು. ನೂರನ್ನು ಮೂವರಿಗೇ ಸಮನಾಗಿ ಹಂಚಲಾಗದು. ಧಾನ್ಯ, ಕೂಲಿ ಅಳೆದು ಕೊಡುವವರಿಗೆ ಇನ್ನೇನು ಬೇಕು?

ನಮ್ಮ ಪಂಚಾಂಗದಲ್ಲೂ ದಿನಕ್ಕೆ 60 ಘಳಿಗೆ, ಘಳಿಗೆಗೆ 60 ವಿಘಳಿಗೆ, ಸಂವತ್ಸರಗಳೂ ಅರವತ್ತೇ.

ಕ್ರಾಂತಿಯ ಕಾಲದ ಫ್ರಾನ್ಸ್ 1793ರಲ್ಲಿ ದಿನಕ್ಕೆ ಹತ್ತೇ ಗಂಟೆ, ಗಂಟೆಗೆ ನೂರು ನಿಮಿಷ ಎಂದು ಕಾನೂನು ಮಾಡಿತು. ಅದೇ ಕ್ರಾಂತಿಯ ಮೀಟರು, ಕಿಲೋಗ್ರಾಂ ಜಗತ್ತನ್ನೇ ಗೆದ್ದವು. ಹತ್ತು ಗಂಟೆಯ ದಿನವನ್ನು ಮಾತ್ರ 1795ರಲ್ಲೇ ಕೈಬಿಡಬೇಕಾಯಿತು.